ಓದುವವರಿಲ್ಲದ ಓಲೆ

ಹಾಸನ ಜಿಲ್ಲೆಯ ಬೇಲೂರು ತಾಲ್ಲೂಕಿನಲ್ಲಿ ಹಲ್ಮಿಡಿ ಎಂಬ ಸಣ್ಣ ಗ್ರಾಮವಿದೆ. ಅಲ್ಲಿದ್ದ ಒಂದು ಬರಹದ ಕಲ್ಲನ್ನು 1936ರಲ್ಲಿ ಮೈಸೂರು ಸಂಸ್ಥಾನದ ಪ್ರಾಚ್ಯವಸ್ತು ಸಂಶೋಧನ ಇಲಾಖೆಯ ಡಾ. ಎಂ. ಎಚ್. ಕೃಷ್ಣ ಅವರು ಬೆಳಕಿಗೆ ತಂದರು. ಹದಿನಾರು ಸಾಲುಗಳ ಆ ಶಾಸನ ಕ್ರಿ.ಶ. 450ರ ಸುಮಾರಿನದೆಂದು ವಿದ್ವಾಂಸರು ನಿರ್ಣಯಿಸಿದ್ದಾರೆ. ಕನ್ನಡದ ಅತ್ಯಂತ ಹಳೆಯ ಬರಹಗಳಲ್ಲಿ ಅದೂ ಒಂದು. ಹದಿನೈದು ಶತಮಾನಗಳ ಬಿಸಿಲು ಮಳೆಗಳನ್ನು ಸಹಿಸಿಕೊಂಡಿದ್ದರೂ ಆ ಕಲ್ಲು ತನಗೆ ಒಪ್ಪಿಸಿದ್ದ ಮಾತನ್ನು ಮರೆತಿರಲಿಲ್ಲ. ಬಲ್ಲವರು ಬಂದು ಕೇಳಿದಾಗ ಅದನ್ನು ಹಾಗೆಯೇ ಹಿಂದಿರುಗಿಸಿತು.

ಅದೇ ಜಿಲ್ಲೆಯ ಯಾವುದಾದರೊಂದು ಕಚೇರಿಯ, ಶಾಲೆಯ ಅಥವಾ ಸಹಕಾರ ಸಂಘದ ಹಳೆಯ ಬೀರುವನ್ನು ಇಂದು ತೆರೆದು ನೋಡಿದರೆ ಮೂರೂವರೆ ಅಂಗುಲದ ಒಂದು ಫ್ಲಾಪಿ ತಟ್ಟೆ ದೊರೆಯುವುದು ಅಸಂಭವವಲ್ಲ. ಅದರ ವಯಸ್ಸು ಹೆಚ್ಚೆಂದರೆ ಮೂವತ್ತು ವರ್ಷ. ಅದರ ಮೇಲೆ ಅಂಟಿಸಿದ ಚೀಟಿಯಲ್ಲಿ ವಿಷಯದ ಹೆಸರು ಸ್ಪಷ್ಟವಾಗಿಯೇ ಇರುತ್ತದೆ. ಆದರೆ ಅದನ್ನು ಒಳಗಿಟ್ಟು ಓದುವ ಯಂತ್ರ ಆ ಕಚೇರಿಯಲ್ಲಿಲ್ಲ, ಊರಿನ ಅಂಗಡಿಯಲ್ಲಿಯೂ ಇಲ್ಲ. ಸಾವಿರದ ಐನೂರು ವರ್ಷದ ಕಲ್ಲು ಮಾತನಾಡುತ್ತದೆ. ಮೂವತ್ತು ವರ್ಷದ ತಟ್ಟೆ ಮೂಕವಾಗಿದೆ. ಈ ವೈಚಿತ್ರ್ಯವನ್ನು ಕುರಿತು ಎಲ್ಲರೂ ಆಲೋಚಿಸಬೇಕಾಗಿದೆ.

ಮನುಷ್ಯನು ತನ್ನ ನೆನಪನ್ನು ತನ್ನ ಹೊರಗೆ ಇಡಲು ಕಲಿತ ದಿನದಿಂದಲೂ ಎರಡು ವಸ್ತುಗಳ ಅವಶ್ಯಕತೆ ಉಂಟಾಗಿದೆ. ಮೊದಲನೆಯದು ಬರಹವನ್ನು ಹೊರುವ ವಸ್ತು. ಎರಡನೆಯದು ಅದನ್ನು ಓದುವ ಸಾಧನ. ಕಲ್ಲು, ತಾಮ್ರಪಟ, ಓಲೆಗರಿ, ಕಾಗದ ಇವುಗಳನ್ನು ಓದಲು ಕಣ್ಣು ಮತ್ತು ಲಿಪಿಯ ಜ್ಞಾನ ಇದ್ದರೆ ಸಾಕು. ಧ್ವನಿಸುರುಳಿ, ಫ್ಲಾಪಿ, ಸಿ.ಡಿ. ಮುಂತಾದವುಗಳಿಗೆ ಇಷ್ಟು ಸಾಲದು. ಇವುಗಳಿಗೆ ಯಂತ್ರವೂ ಬೇಕು, ಆ ಯಂತ್ರವನ್ನು ನಡೆಸುವ ಸೂಚನೆಗಳೂ ಬೇಕು, ಬರಹ ಯಾವ ಸಂಕೇತದಲ್ಲಿದೆ ಎಂಬುದೂ ತಿಳಿದಿರಬೇಕು. ಈ ಸರಪಣಿಯ ಒಂದು ಕೊಂಡಿ ಕಳಚಿದರೂ ಉಳಿದೆಲ್ಲ ಕೊಂಡಿಗಳು ವ್ಯರ್ಥವಾಗುತ್ತವೆ. ವಸ್ತುವನ್ನು ಭದ್ರವಾಗಿ ಇಟ್ಟ ಮಾತ್ರಕ್ಕೆ ವಿಷಯವನ್ನು ಉಳಿಸಿದಂತಾಗುವುದಿಲ್ಲ.

ಕನ್ನಡನಾಡಿಗೆ ಈ ಅನುಭವ ಹೊಸದೇನೂ ಅಲ್ಲ. ಇಂದು ಸರ್ಕಾರಿ ಕಚೇರಿಗಳಲ್ಲಿ ದಿನವೂ ಬಳಕೆಯಾಗುವ 'ಕಡತ' ಎಂಬ ಮಾತನ್ನೇ ತೆಗೆದುಕೊಳ್ಳಬಹುದು. ಮೊದಲು ಕಡತವೆಂದರೆ ಕಾಗದದ ಕಟ್ಟಲ್ಲ. ಉದ್ದವಾದ ಬಟ್ಟೆಗೆ ಹುಣಿಸೆಬೀಜದ ಸರಿಯನ್ನೂ ಇದ್ದಿಲ ಪುಡಿಯನ್ನೂ ಬಳಿದು ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿ ಮಾಡಿದ ಕರಿಯ ಪುಸ್ತಕ ಅದು. ವರ್ತಕರೂ ಶಾನುಭೋಗರೂ ಅದರ ಮೇಲೆ ಬಳಪದಿಂದ ಲೆಕ್ಕಪತ್ರಗಳನ್ನು ಬರೆಯುತ್ತಿದ್ದರು. ಶೃಂಗೇರಿ ಮಠದಲ್ಲಿ ಉಳಿದು ಬಂದಿರುವ ಕಡತಗಳು ಇತಿಹಾಸದ ಅಮೂಲ್ಯ ಆಕರಗಳಾಗಿವೆ. ಆದರೆ ಬಳಪದ ಬರಹ ಕೈ ತಗುಲಿದರೆ ಅಳಿಸುವಂಥದು. ಕಾಗದ ಅಗ್ಗವಾದೊಡನೆ ಕಡತ ಮಾಡುವವರೂ ಇಲ್ಲವಾದರು, ಅದನ್ನು ಜೋಪಾನ ಮಾಡಬಲ್ಲವರೂ ಇಲ್ಲವಾದರು. ಹೆಸರು ಕಾಗದದ ಕಟ್ಟಿಗೆ ವರ್ಗವಾಯಿತು. ಎಷ್ಟೋ ಮನೆಗಳ ಅಟ್ಟದಲ್ಲಿದ್ದ ನಿಜವಾದ ಕಡತಗಳು ಕಸವಾಗಿ ಹೋದವು.

ಮೋಡಿ ಲಿಪಿಯ ಕಥೆ ಇನ್ನೊಂದು ಬಗೆಯದು. ಮರಾಠಿಯ ಲೆಕ್ಕಪತ್ರಗಳಿಗಾಗಿ ಬೆಳೆದ ಆ ಓಡುಬರಹ ಮೈಸೂರು ಸಂಸ್ಥಾನದ ಕಚೇರಿಗಳಲ್ಲಿಯೂ ಬಳಕೆಯಲ್ಲಿತ್ತು. ಆ ಕಾಲದ ಕಾಗದಗಳು ಇಂದಿಗೂ ಪತ್ರಾಗಾರಗಳಲ್ಲಿವೆ. ಕಾಗದ ಗಟ್ಟಿಯಾಗಿದೆ, ಮಸಿಯೂ ಮಾಸಿಲ್ಲ. ಆದರೆ ಅದನ್ನು ಸರಾಗವಾಗಿ ಓದಬಲ್ಲವರು ಬೆರಳೆಣಿಕೆಯಷ್ಟು ಮಂದಿ. ಕಡತದಲ್ಲಿ ವಸ್ತು ನಷ್ಟವಾಯಿತು. ಮೋಡಿಯಲ್ಲಿ ವಿದ್ಯೆ ನಷ್ಟವಾಗುತ್ತಿದೆ. ಯಂತ್ರಯುಗದ ದಾಖಲೆಗಳಿಗೆ ಈ ಎರಡು ಅಪಾಯಗಳೂ ಒಟ್ಟಿಗೆ ಒದಗಿವೆ.

ಹಾಗೆಂದು ನಿರಾಶರಾಗಬೇಕಾಗಿಲ್ಲ. ಕಳೆದುಹೋಗುತ್ತಿದ್ದುದನ್ನು ಶ್ರಮಪಟ್ಟು ಮರಳಿ ಪಡೆದ ಉಜ್ಜ್ವಲ ನಿದರ್ಶನವೂ ಈ ಜಿಲ್ಲೆಯಲ್ಲಿಯೇ ಇದೆ. ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದ ಬೆಟ್ಟಗಳ ಮೇಲೆ ಕ್ರಿ.ಶ. 600ರ ಸುಮಾರಿನಿಂದ ಮೊದಲುಗೊಂಡು ನೂರಾರು ಬರಹಗಳಿವೆ. ಬಿ. ಎಲ್. ರೈಸ್ ಅವರು 1889ರಲ್ಲಿ ಪ್ರಕಟಿಸಿದ ಸಂಪುಟದಲ್ಲಿ 144 ಶಾಸನಗಳಿದ್ದವು. ಆರ್. ನರಸಿಂಹಾಚಾರ್ಯರು 1923ರಲ್ಲಿ ಅದನ್ನು ಪರಿಷ್ಕರಿಸಿದಾಗ ಅವು 500 ಆದವು. 1973ರ ಆವೃತ್ತಿಯಲ್ಲಿ 573 ಶಾಸನಗಳಿವೆ. ಹಾಸನ ಜಿಲ್ಲೆಯ ಇತರ ಶಾಸನಗಳ ಸಂಪುಟ 1902ರಲ್ಲಿ ಹೊರಬಂದಿತು. ತೊಳೆದ ಕಲ್ಲಿನ ಮೇಲೆ ಒದ್ದೆಯಾದ ಕಾಗದವನ್ನು ಹರಡಿ, ಅಕ್ಷರಗಳ ಒಳಕ್ಕೆ ಇಳಿಯುವಂತೆ ಕುಂಚದಿಂದ ತಟ್ಟಿ, ಮೇಲೆ ಮಸಿಯನ್ನು ಒತ್ತಿ ಪಡಿಯಚ್ಚು ತೆಗೆಯುವುದು ಈ ಕಾರ್ಯದ ಕ್ರಮ. ಸೋರುವ ಗುಡಿಗಳಲ್ಲಿ, ಕೆರೆಯ ಏರಿಯ ಮೇಲೆ, ಹೊಲದ ಬದುಗಳಲ್ಲಿ ಇಂಥ ಕೆಲಸವನ್ನು ವರ್ಷಾನುಗಟ್ಟಲೆ ಮಾಡಿದವರಿದ್ದರು. ಅನಂತರ ಒಡೆದುಹೋದ, ಮನೆಯ ಪಾಯಕ್ಕೆ ಸೇರಿದ ಕಲ್ಲುಗಳ ಮಾತು ಇಂದು ಉಳಿದಿರುವುದು ಅವರ ಅಚ್ಚಿನ ಪುಟಗಳಲ್ಲಿ ಮಾತ್ರ.

ಇಲ್ಲಿ ಒಂದು ಅಂಶವನ್ನು ಗಮನಿಸಬೇಕು. ಶಾಸನ ಸಂಗ್ರಾಹಕರು ಬರಹವನ್ನು ಹಳೆಯ ವಸ್ತುವಿನಿಂದ ಹೊಸ ವಸ್ತುವಿಗೆ ದಾಟಿಸಿದರು. ಜೊತೆಗೆ ಅದನ್ನು ಒಂದೇ ಕಡೆ ಇಡದೆ ಮುದ್ರಿಸಿ ಹತ್ತಾರು ಗ್ರಂಥಾಲಯಗಳಿಗೆ ಹಂಚಿದರು. ಹೊಳೆನರಸೀಪುರದ ಅಧ್ಯಾತ್ಮ ಪ್ರಕಾಶ ಕಾರ್ಯಾಲಯ ಹಲವು ದಶಕಗಳಿಂದ ಪ್ರಕಟಿಸುತ್ತ ಬಂದಿರುವ ವೇದಾಂತ ಗ್ರಂಥಗಳನ್ನೂ ಇದೇ ದೃಷ್ಟಿಯಿಂದ ನೋಡಬಹುದು. ಒಂದು ಉಗ್ರಾಣಕ್ಕೆ ನೀರು ನುಗ್ಗಿದರೂ ನಾಡಿನ ಮನೆಮನೆಗಳಲ್ಲಿರುವ ಪ್ರತಿಗಳು ಉಳಿಯುತ್ತವೆ. ಅನೇಕ ಪ್ರತಿಗಳು, ಅನೇಕ ಸ್ಥಳಗಳು—ದಾಖಲೆಯ ರಕ್ಷಣೆಗೆ ಇದಕ್ಕಿಂತ ದೊಡ್ಡ ಮಂತ್ರವಿಲ್ಲ.

ಇಪ್ಪತ್ತನೆಯ ಶತಮಾನ ಹೊಸ ವಸ್ತುಗಳನ್ನು ತಂದಿತು. ಅರಕಲಗೂಡು ತಾಲ್ಲೂಕಿನ ಕಾವೇರಿ ತೀರದ ರುದ್ರಪಟ್ಟಣ ಸಂಗೀತಗಾರರ ಊರು. 1920ರಲ್ಲಿ ಅಲ್ಲಿ ಹುಟ್ಟಿದ ವಿದ್ವಾನ್ ಆರ್. ಕೆ. ಶ್ರೀಕಂಠನ್ ಅವರು ಆಕಾಶವಾಣಿಯಲ್ಲಿ ಬಹುಕಾಲ ಸೇವೆ ಸಲ್ಲಿಸಿ, 2014ರಲ್ಲಿ ತೀರಿಕೊಳ್ಳುವವರೆಗೂ ಹಾಡುತ್ತಿದ್ದರು. ಆ ತಲೆಮಾರಿನ ಗಾಯಕರ ಕಂಠ ಕಾಲು ಅಂಗುಲ ಅಗಲದ ಧ್ವನಿಸುರುಳಿಗಳಲ್ಲಿ ಅಡಗಿತು. ಹಾಡುಗಾರಿಕೆಯ ಒಂದು ಗಮಕವನ್ನು ಸ್ವರಲಿಪಿಯಲ್ಲಿ ಪೂರ್ಣವಾಗಿ ಹಿಡಿದಿಡಲು ಸಾಧ್ಯವಿಲ್ಲ. ಸುರುಳಿ ಹೋದರೆ ಅದೂ ಹೋಯಿತು. 1963ರಲ್ಲಿ ಬಂದ ಕ್ಯಾಸೆಟ್ಟು ಈ ಸೌಲಭ್ಯವನ್ನು ಸಾಮಾನ್ಯರ ಮನೆಗೂ ತಂದಿತು. ಅಜ್ಜಿಯ ಸೋಬಾನೆ ಪದ, ಹರಿಕಥೆ, ನಾಟಕ, ಜಾತ್ರೆಯ ಕೋಲಾಟ ಎಲ್ಲವನ್ನೂ ಜನ ಹಿಡಿದಿಟ್ಟರು. ಆ ಕ್ಯಾಸೆಟ್ಟುಗಳು ಈಗ ಟ್ರಂಕುಗಳ ತಳದಲ್ಲಿವೆ.

ಧ್ವನಿಸುರುಳಿ ಹೇಗೆ ಕೆಡುತ್ತದೆ ಎಂಬುದನ್ನು ಅರಿತರೆ ಅವಸರದ ಕಾರಣ ತಿಳಿಯುತ್ತದೆ. ಪ್ಲಾಸ್ಟಿಕ್ಕಿನ ತೆಳುವಾದ ಪಟ್ಟಿಯ ಮೇಲೆ ಕಾಂತಗುಣವುಳ್ಳ ಲೋಹಭಸ್ಮದ ಕಣಗಳನ್ನು ಒಂದು ಬಗೆಯ ಅಂಟಿನಿಂದ ಹಿಡಿಸಿರುತ್ತಾರೆ. ಧ್ವನಿಯೆಲ್ಲವೂ ಆ ಕಣಗಳ ಕಾಂತದಿಕ್ಕಿನಲ್ಲಿದೆ. ಹಲವು ಬಗೆಯ ಸುರುಳಿಗಳಲ್ಲಿ ಅಂಟು ಗಾಳಿಯ ತೇವವನ್ನು ಹೀರಿ ಜಿಗುಟಾಗುತ್ತದೆ. ಅಂಥ ಸುರುಳಿಯನ್ನು ಯಂತ್ರಕ್ಕೆ ಹಾಕಿ ಓಡಿಸಿದರೆ ಕಣಗಳು ಕಿತ್ತು ಬಂದು ಧ್ವನಿ ಶಾಶ್ವತವಾಗಿ ನಾಶವಾಗುತ್ತದೆ. ಬಲ್ಲ ತಜ್ಞರು ಅದನ್ನು ಸುಮಾರು 50 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಹಲವು ಗಂಟೆಗಳ ಕಾಲ ಒಣಗಿಸಿ, ಕೆಲವು ದಿನಗಳವರೆಗೆ ಸಿಗುವ ಅವಕಾಶದಲ್ಲಿ ಪ್ರತಿ ಮಾಡಿಕೊಳ್ಳುತ್ತಾರೆ. ಹಳೆಯ ಓಲೆಗರಿಗೆ ನಿಂಬೆಹುಲ್ಲಿನ ಎಣ್ಣೆ ಸವರಿ ಮೆದುಗೊಳಿಸಿ, ಗೀರಿದ ಅಕ್ಷರಕ್ಕೆ ಕಾಡಿಗೆ ತುಂಬಿ ಓದುವ ವಿದ್ಯೆಗೂ ಇದಕ್ಕೂ ಹೆಚ್ಚಿನ ಅಂತರವಿಲ್ಲ. ಎರಡರಲ್ಲಿಯೂ ಬೇಕಾದುದು ತಾಳ್ಮೆ ಮತ್ತು ತಿಳಿವಳಿಕೆ. ಕುತೂಹಲಕ್ಕಾಗಿ ಒಮ್ಮೆ ಹಾಕಿ ನೋಡುವ ಆತುರವೇ ಎರಡಕ್ಕೂ ದೊಡ್ಡ ಶತ್ರು.

ತಡಮಾಡಿದರೆ ಆಗುವ ನಷ್ಟ ಎಂಥದೆಂಬುದಕ್ಕೆ ಕನ್ನಡದ ಮೊದಲ ವಾಕ್ಚಿತ್ರವೇ ಸಾಕ್ಷಿ. 1934ರಲ್ಲಿ ತೆರೆಕಂಡ 'ಸತಿ ಸುಲೋಚನ'ದ ಒಂದು ಪ್ರತಿಯೂ ಉಳಿದು ಬಂದಿಲ್ಲ. ಕನ್ನಡದ ಬೆಳ್ಳಿತೆರೆ ಮೊದಲು ಆಡಿದ ಮಾತು ಹೇಗಿತ್ತೆಂಬುದನ್ನು ಇನ್ನು ಯಾರೂ ಕೇಳಲಾರರು. ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಪುಣೆಯಲ್ಲಿ ಸ್ಥಾಪನೆಯಾದುದು 1964ರಲ್ಲಿ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ ಆಯಿತೆಂದು ಆ ಚಿತ್ರದ ಮಟ್ಟಿಗೆ ಹೇಳಬೇಕಾಗಿದೆ.

ಮುಂದುವರಿದ ದೇಶಗಳೂ ಈ ವಿಷಯದಲ್ಲಿ ಎಡವಿವೆ. ಅಮೆರಿಕದ ನಾಸಾ ಸಂಸ್ಥೆ 1966 ಮತ್ತು 1967ರಲ್ಲಿ ಚಂದ್ರನ ಸುತ್ತ ಐದು ನೌಕೆಗಳನ್ನು ಕಳುಹಿಸಿ, ಅವು ತೆಗೆದ ಚಿತ್ರಗಳನ್ನು ಕಾಂತಸುರುಳಿಗಳಲ್ಲಿ ಸಂಗ್ರಹಿಸಿತು. ಕಾಲಕ್ರಮದಲ್ಲಿ ಅವನ್ನು ಓದುವ ಯಂತ್ರಗಳು ಬಳಕೆ ತಪ್ಪಿದವು. ನ್ಯಾನ್ಸಿ ಇವಾನ್ಸ್ ಎಂಬ ದಾಖಲೆಪಾಲಕಿ ಸುರುಳಿಗಳನ್ನು ಎಸೆಯಲು ಒಪ್ಪದೆ, ಹಳೆಯ ಯಂತ್ರಗಳನ್ನು ತಮ್ಮ ಮನೆಯ ವಾಹನದ ಕೊಠಡಿಯಲ್ಲಿ ವರ್ಷಾನುಗಟ್ಟಲೆ ಕಾಪಾಡಿದರು. ಆ ಯಂತ್ರಗಳನ್ನು ದುರಸ್ತಿ ಮಾಡಿದ ಮೇಲೆ, 2008ರಲ್ಲಿ, ಚಂದ್ರನ ಅಂಚಿನಾಚೆ ಭೂಮಿ ಕಾಣುವ 1966ರ ಚಿತ್ರ ಮೊದಲಿಗಿಂತಲೂ ಸ್ಪಷ್ಟವಾಗಿ ಮೂಡಿಬಂದಿತು. ಅದೇ ಸಂಸ್ಥೆಯಲ್ಲಿ ಮನುಷ್ಯ ಮೊದಲು ಚಂದ್ರನ ಮೇಲೆ ಕಾಲಿಟ್ಟ 1969ರ ದೃಶ್ಯಗಳ ಮೂಲ ಸುರುಳಿಗಳನ್ನು ಬಹುಶಃ ಅಳಿಸಿ ಮರುಬಳಕೆ ಮಾಡಿಬಿಟ್ಟಿರಬೇಕೆಂದು 2009ರಲ್ಲಿ ಒಪ್ಪಿಕೊಳ್ಳಬೇಕಾಯಿತು. ಒಂದು ಕಡೆ ಒಬ್ಬ ವ್ಯಕ್ತಿಯ ಹಟ ಉಳಿಸಿತು. ಇನ್ನೊಂದು ಕಡೆ ಸುರುಳಿಯನ್ನು ಉಳಿತಾಯ ಮಾಡುವ ಪದ್ಧತಿ ನಾಶ ಮಾಡಿತು. 1982ರಿಂದ ಹಾಸನ ನಗರದಲ್ಲಿಯೇ ಇಸ್ರೋ ಸಂಸ್ಥೆಯ ಉಪಗ್ರಹ ನಿಯಂತ್ರಣ ಕೇಂದ್ರ ಕೆಲಸ ಮಾಡುತ್ತಿದೆ. ಬಾನಿನಿಂದ ಬರುವ ಸಂಕೇತಗಳನ್ನು ಓದುವ ಊರಿಗೆ ಈ ಪಾಠ ದೂರದ್ದಲ್ಲ.

ಬ್ರಿಟನ್ನಿನ ಇನ್ನೊಂದು ಪ್ರಸಂಗ ವಿದ್ಯಾರ್ಥಿಗಳಿಗೆ ವಿಶೇಷವಾಗಿ ಹತ್ತಿರವಾದುದು. ಅಲ್ಲಿ 1086ರಲ್ಲಿ ಅರಸನ ಆಜ್ಞೆಯಂತೆ ನೆಲ, ಜನ, ದನಕರುಗಳ ಲೆಕ್ಕವನ್ನು 'ಡೂಮ್ಸ್‌ಡೇ' ಎಂಬ ಪುಸ್ತಕದಲ್ಲಿ ಬರೆದಿಡಲಾಯಿತು. ಅದರ ಒಂಬೈನೂರನೆಯ ವರ್ಷದ ನೆನಪಿಗೆ 1986ರಲ್ಲಿ ಬಿ.ಬಿ.ಸಿ. ಸಂಸ್ಥೆ ಸಾವಿರಾರು ಶಾಲೆಗಳ ಮಕ್ಕಳಿಂದ ಅವರವರ ಊರಿನ ಬರಹ, ಚಿತ್ರಗಳನ್ನು ಬರಿಸಿ ದೊಡ್ಡ ಲೇಸರ್ ತಟ್ಟೆಗಳಲ್ಲಿ ತುಂಬಿಸಿತು. ಹದಿನೈದು ವರ್ಷ ಕಳೆಯುವಷ್ಟರಲ್ಲಿ ಆ ತಟ್ಟೆಗಳನ್ನು ಓದುವ ಯಂತ್ರಗಳು ಅಪರೂಪವಾದವು. ಹಳೆಯ ಯಂತ್ರದಂತೆಯೇ ವರ್ತಿಸುವ ತಂತ್ರಾಂಶವನ್ನು ಹೊಸ ಕಂಪ್ಯೂಟರಿನಲ್ಲಿ ರಚಿಸಿ, 2002ರಲ್ಲಿ ಸಂಶೋಧಕರು ಅದನ್ನು ಮತ್ತೆ ಓದಿ ತೋರಿಸಬೇಕಾಯಿತು. ಒಂಬೈನೂರು ವರ್ಷದ ಚರ್ಮದ ಪುಸ್ತಕವನ್ನು ಮಾತ್ರ ಯಾರ ನೆರವೂ ಇಲ್ಲದೆ ಇಂದಿಗೂ ತೆರೆದು ನೋಡಬಹುದು.

ಯಂತ್ರ ದೊರೆತರೂ ಬರಹ ದೊರೆಯದಿರುವ ಸಂದರ್ಭವೂ ಉಂಟು. ಕನ್ನಡಿಗರಿಗೆ ಇದರ ಅನುಭವ ಚೆನ್ನಾಗಿ ಆಗಿದೆ. 1990ರ ದಶಕದಲ್ಲಿಯೂ ಅದರ ಮುಂದಿನ ದಶಕದಲ್ಲಿಯೂ ಕಂಪ್ಯೂಟರಿನಲ್ಲಿ ಕನ್ನಡ ಬರೆಯಲು ಬಗೆಬಗೆಯ ತಂತ್ರಾಂಶಗಳು ಬಂದವು. ಅವು ಕನ್ನಡದ ಅಕ್ಷರಭಾಗಗಳನ್ನು ಇಂಗ್ಲಿಷ್ ಅಕ್ಷರಗಳಿಗೆ ಮೀಸಲಾದ ಸ್ಥಾನಗಳಲ್ಲಿ ತಮತಮಗೆ ತೋರಿದಂತೆ ಕೂರಿಸಿಕೊಂಡಿದ್ದವು. ಆ ಅಕ್ಷರಮಾದರಿ ಇಲ್ಲದ ಯಂತ್ರದಲ್ಲಿ ಆ ಬರಹವನ್ನು ತೆರೆದರೆ ಅರ್ಥವಿಲ್ಲದ ಚಿಹ್ನೆಗಳ ರಾಶಿ ಕಾಣುತ್ತದೆ. ಎಲ್ಲ ಭಾಷೆಗಳಿಗೂ ಒಂದೇ ಒಪ್ಪಿತ ಸಂಕೇತವಾದ ಯೂನಿಕೋಡಿನಲ್ಲಿ ಕನ್ನಡಕ್ಕೆ 1991ರಲ್ಲಿಯೇ ಸ್ಥಾನ ದೊರೆತಿದ್ದರೂ ಅದು ಬಳಕೆಗೆ ಬರಲು ಬಹಳ ಕಾಲ ಹಿಡಿಯಿತು. ಹಳೆಯ ಸಂಕೇತದ ಬರಹವನ್ನು ಪರಿವರ್ತಿಸುವ ತಂತ್ರಾಂಶಗಳು ಇಂದು ಇವೆ. ಆದರೂ 'ಸೂರ್ಯ' ಎಂಬ ಪದದ ಅರ್ಕಾವೊತ್ತು ಹಳೆಯ ಕ್ರಮದಲ್ಲಿ ವ್ಯಂಜನದ ಅನಂತರವೂ ಹೊಸ ಕ್ರಮದಲ್ಲಿ ಅದಕ್ಕೆ ಮೊದಲೂ ಬರುವುದರಿಂದ ಇಂಥ ಕಡೆಗಳಲ್ಲಿ ತಪ್ಪುಗಳು ನುಸುಳುತ್ತವೆ. ಭಾಷೆ ಬಲ್ಲವರು ಕುಳಿತು ತಿದ್ದದಿದ್ದರೆ ಒಬ್ಬನ ಹೆಸರು ಇನ್ನೊಬ್ಬನ ಹೆಸರಾಗಬಹುದು.

ಹೆಸರಿನ ಒಂದು ಅಕ್ಷರ ತಪ್ಪಾದರೆ ಏನು ಮಹಾ ಎಂದು ಕೇಳುವವರು ಹೇಮಾವತಿ ಜಲಾಶಯದ ದಡಕ್ಕೆ ಬರಬೇಕು. ಗೊರೂರಿನ ಬಳಿ ಕಟ್ಟಿದ ಅಣೆಕಟ್ಟು 1979ರಲ್ಲಿ ಪೂರ್ಣಗೊಂಡಿತು. ಅದರ ಹಿನ್ನೀರಿನಲ್ಲಿ ಹಲವು ಗ್ರಾಮಗಳು ಮುಳುಗಿದವು. ಶೆಟ್ಟಿಹಳ್ಳಿಯ ಹಳೆಯ ಇಗರ್ಜಿಯ ಗೋಡೆಗಳು ಮಾತ್ರ ನೀರು ಇಳಿದಾಗ ಇಂದಿಗೂ ಕಾಣುತ್ತವೆ. ಉಳಿದ ಹೊಲ, ಮನೆ, ಗದ್ದೆ, ಬದು ಎಲ್ಲಿದ್ದವು, ಯಾರವು ಎಂಬುದಕ್ಕೆ ನೆಲದ ಮೇಲೆ ಗುರುತಿಲ್ಲ. ಅವು ಬದುಕಿರುವುದು ಸರ್ವೆ ನಕ್ಷೆಗಳಲ್ಲಿ, ಟಿಪ್ಪಣಿಗಳಲ್ಲಿ, ಪರಿಹಾರದ ಕಡತಗಳಲ್ಲಿ. ಮುಳುಗಡೆಯಾದ ಊರಿನಿಂದ ಬಂದ ಕುಟುಂಬಕ್ಕೆ ಬೇರೆಡೆ ಭೂಮಿ ಮಂಜೂರಾಗಿದೆಯೆಂದರೆ, ಆ ಹಕ್ಕಿನ ಬೇರು ಇರುವುದು ಈ ಕಾಗದಗಳಲ್ಲಿಯೇ. 1974ರಲ್ಲಿ ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿಯ ಕಾಲದಲ್ಲಿ ಗೇಣಿದಾರರು ಸಲ್ಲಿಸಿದ ಏಳನೆಯ ನಮೂನೆಯ ಅರ್ಜಿಗಳ ವಿಷಯವೂ ಹೀಗೆಯೇ. ಶ್ರೀಮಂತನಿಗೆ ದಾಖಲೆ ಕಳೆದರೆ ವಕೀಲರಿದ್ದಾರೆ. ಬಡವನಿಗೆ ದಾಖಲೆಯೇ ವಕೀಲ.

ಕರ್ನಾಟಕ ಸರ್ಕಾರ ಸುಮಾರು 2000ದಲ್ಲಿ 'ಭೂಮಿ' ಯೋಜನೆಯ ಮೂಲಕ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ತಂದಿತು. ಕೈಬರಹದ ಪಹಣಿಗಾಗಿ ಅಲೆಯುವುದು ತಪ್ಪಿತು. 2024ರಲ್ಲಿ ಆರಂಭವಾದ 'ಭೂಸುರಕ್ಷಾ' ಯೋಜನೆಯಲ್ಲಿ ತಾಲ್ಲೂಕು ಕಚೇರಿಗಳ ದಾಖಲೆ ಕೊಠಡಿಗಳಲ್ಲಿರುವ ಹಳೆಯ ಕಡತಗಳ ಚಿತ್ರ ತೆಗೆದು ಗಣಕೀಕರಿಸುವ ಕೆಲಸ ಕೈಗೆತ್ತಿಕೊಳ್ಳಲಾಯಿತು. ಇವೆರಡೂ ಶ್ಲಾಘನೀಯ ಕಾರ್ಯಗಳೆಂಬುದರಲ್ಲಿ ಸಂದೇಹವಿಲ್ಲ. ಆದರೆ ಇಲ್ಲಿಗೆ ಎಲ್ಲವೂ ಮುಗಿಯಿತೆಂದು ಭಾವಿಸುವುದು ಸರಿಯಲ್ಲ. ಇಂದಿನ ಕಂಪ್ಯೂಟರೂ ನಾಳೆ ಫ್ಲಾಪಿಯ ದಾರಿಯನ್ನೇ ಹಿಡಿಯುತ್ತದೆ. ಜಪಾನಿನ ಸೋನಿ ಕಂಪನಿ ತನ್ನ ದೇಶದಲ್ಲಿ ಫ್ಲಾಪಿ ಮಾರಾಟವನ್ನು 2011ರಲ್ಲಿ ನಿಲ್ಲಿಸಿದಾಗ ಅದಕ್ಕಾಗಿ ಯಾರೂ ಡಂಗುರ ಸಾರಿ ಎಚ್ಚರಿಸಲಿಲ್ಲ.

ಹೊಸ ಪ್ರತಿ ಸಿದ್ಧವಾದ ಮೇಲೆ ಹಳೆಯ ಕಾಗದವನ್ನೂ ಸುರುಳಿಯನ್ನೂ ಏಕೆ ಇಟ್ಟುಕೊಳ್ಳಬೇಕು, ಅದಕ್ಕೆ ಸ್ಥಳವೂ ಹಣವೂ ವ್ಯರ್ಥವಲ್ಲವೆ ಎಂಬ ಆಕ್ಷೇಪಣೆ ಉಂಟು. ಇದರಲ್ಲಿ ಸ್ವಲ್ಪ ಸತ್ಯವಿದೆ. ಎಲ್ಲವನ್ನೂ ಎಂದೆಂದಿಗೂ ಇಡುವುದು ಸಾಧ್ಯವಿಲ್ಲ. ಯಾವುದನ್ನು ಇಡಬೇಕೆಂದು ವಿವೇಚಿಸಿ ಆರಿಸುವುದೇ ಪತ್ರಾಗಾರದ ಮುಖ್ಯ ಕರ್ತವ್ಯ. ಆದರೆ ಪ್ರತಿಯಲ್ಲಿ ತಪ್ಪಿದ್ದರೆ ಅದನ್ನು ತಿದ್ದಲು ಮೂಲವೇ ಬೇಕು. ಅಲ್ಲದೆ ಕಲ್ಲು ಅರ್ಧ ಒಡೆದರೆ ಉಳಿದರ್ಧವನ್ನಾದರೂ ಓದಬಹುದು. ತಟ್ಟೆಯಲ್ಲಿ ವಿಷಯಸೂಚಿ ಇರುವ ಒಂದು ಸಣ್ಣ ಭಾಗ ಕೆಟ್ಟರೂ ಮಿಕ್ಕದ್ದೆಲ್ಲ ಸಾಮಾನ್ಯರ ಕೈಗೆ ಸಿಗದೆ ಹೋಗುತ್ತದೆ. ಆದ್ದರಿಂದ ಪ್ರತಿಯೇ ಮೂಲವೆಂದು ನಂಬಿ ಮೂಲವನ್ನು ಕೊಂದುಕೊಳ್ಳುವುದು ಉಳಿತಾಯವಲ್ಲ.

ಹಾಗಾದರೆ ಮಾಡಬೇಕಾದುದೇನು? ಮೊದಲನೆಯದಾಗಿ, ಪ್ರತಿ ತಾಲ್ಲೂಕಿನಲ್ಲಿಯೂ ಹಳೆಯ ಸುರುಳಿ, ಕ್ಯಾಸೆಟ್ಟು, ಫ್ಲಾಪಿ, ಸಿ.ಡಿ.ಗಳು ಎಲ್ಲೆಲ್ಲಿವೆಯೆಂಬ ಪಟ್ಟಿ ಸಿದ್ಧವಾಗಬೇಕು. ಏನಿದೆಯೆಂದು ತಿಳಿಯದೆ ಯಾವುದನ್ನೂ ರಕ್ಷಿಸಲಾಗದು. ಎರಡನೆಯದಾಗಿ, ಅವನ್ನು ಓದುವ ಹಳೆಯ ಯಂತ್ರಗಳನ್ನು ಗುಜರಿಗೆ ಹಾಕದೆ ಜಿಲ್ಲೆಗೆ ಒಂದು ಕಡೆಯಲ್ಲಾದರೂ ನಡೆಯುವ ಸ್ಥಿತಿಯಲ್ಲಿ ಇಡಬೇಕು. ದುರಸ್ತಿ ಬಲ್ಲ ಹಿರಿಯರಿಂದ ಕಿರಿಯರು ಆ ವಿದ್ಯೆಯನ್ನು ಕಲಿಯಬೇಕು. ಮೂರನೆಯದಾಗಿ, ಪ್ರತಿ ಮಾಡುವಾಗ ಒಂದು ಕಂಪನಿಯ ಹಂಗಿಗೆ ಒಳಗಾದ ಸಂಕೇತವನ್ನು ಬಿಟ್ಟು ಎಲ್ಲರಿಗೂ ತೆರೆದಿರುವ ಸಂಕೇತವನ್ನು ಬಳಸಬೇಕು. ನಾಲ್ಕನೆಯದಾಗಿ, ಪ್ರತಿಗಳು ಬೇರೆ ಬೇರೆ ಊರುಗಳಲ್ಲಿ ಇರಬೇಕು. ಕೆಲವು ವರ್ಷಗಳಿಗೊಮ್ಮೆ ಅವನ್ನು ಹೊಸ ವಸ್ತುವಿಗೆ ದಾಟಿಸಬೇಕು. ಹಿಂದೆ ಶಾನುಭೋಗರು ಪುಟದ ಕೊನೆಯಲ್ಲಿ ಮೊತ್ತ ಬರೆದು ಲೆಕ್ಕ ತಾಳೆ ನೋಡುತ್ತಿದ್ದರು. ಹಾಗೆಯೇ ಇಡೀ ಬರಹದಿಂದ ಗಣಿಸಿದ ಒಂದು ಸಂಖ್ಯೆಯನ್ನು ಜೊತೆಗೆ ಇಟ್ಟರೆ, ಒಂದು ಅಕ್ಷರ ಬದಲಾದರೂ ಸಂಖ್ಯೆ ತಾಳೆಯಾಗದೆ ಕಳ್ಳತನ ಅಥವಾ ಕೆಡುಕು ಬಯಲಾಗುತ್ತದೆ.

ಇದಕ್ಕೆ ಬೇಕಾದ ಹಣ ಅಲ್ಪವಲ್ಲ. ಆದರೂ ಒಂದು ಸೇತುವೆಯನ್ನೋ ಕಟ್ಟಡವನ್ನೋ ಕಟ್ಟಿದ ಮೇಲೆ ಅದರ ದುರಸ್ತಿಗೆಂದು ವರ್ಷವರ್ಷವೂ ಹಣ ತೆಗೆದಿಡುವ ಪದ್ಧತಿ ಇದೆ. ನಾಡಿನ ನೆನಪಿಗೂ ಅದೇ ಮರ್ಯಾದೆ ಸಲ್ಲಬೇಕು. ಗಣಕೀಕರಣ ಒಂದು ಬಾರಿಯ ಉತ್ಸವವಲ್ಲ. ಅದು ಹೊಲದ ಕೆಲಸದಂತೆ ಪ್ರತಿವರ್ಷದ ದುಡಿಮೆ. ಬೀಜವನ್ನು ಕಣಜದಲ್ಲಿಯೇ ಬಿಟ್ಟ ರೈತನ ಬೀಜ ಕೆಲವು ವರ್ಷಗಳಲ್ಲಿ ಮೊಳೆಯುವ ಶಕ್ತಿಯನ್ನು ಕಳೆದುಕೊಳ್ಳುತ್ತದೆ. ಬಿತ್ತಿ ಬೆಳೆದು ಹೊಸ ಬೀಜ ಮಾಡಿಕೊಂಡವನ ತಳಿ ಉಳಿಯುತ್ತದೆ. ದಾಖಲೆಯ ರಕ್ಷಣೆಯೂ ಹಾಗೆಯೇ.

ಈ ಕಾರ್ಯದಲ್ಲಿ ವಿದ್ಯಾರ್ಥಿಗಳಿಗೂ ಪಾಲಿದೆ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಮನೆಗಳಲ್ಲಿ ತಾತ ಅಜ್ಜಿಯರ ಧ್ವನಿಯಿರುವ ಕ್ಯಾಸೆಟ್ಟುಗಳೆಷ್ಟೋ ಇವೆ. ಅವುಗಳಲ್ಲಿ ಯಾರ ಧ್ವನಿಯಿದೆ, ಎಂದು ಹಿಡಿದದ್ದು, ಯಾವ ಊರಿನಲ್ಲಿ ಎಂಬುದನ್ನು ಬಲ್ಲ ಹಿರಿಯರು ಇರುವಾಗಲೇ ಕೇಳಿ ಒಂದು ಚೀಟಿಯಲ್ಲಿ ಬರೆದಿಡುವುದಕ್ಕೆ ಯಾವ ಯಂತ್ರವೂ ಬೇಡ. ಹೆಸರಿಲ್ಲದ ಸುರುಳಿಯನ್ನು ಯಂತ್ರ ಮಾತನಾಡಿಸಬಹುದು, ಆದರೆ ಮಾತನಾಡುತ್ತಿರುವವರು ಯಾರೆಂದು ಹೇಳಲಾರದು.

ಹಲ್ಮಿಡಿಯ ಕಲ್ಲಿಗೆ ಅಕ್ಷರ ಕೊರೆದವನು ತನ್ನ ಕಾಲಕ್ಕೆ ಸಾಧ್ಯವಾದ ಅತ್ಯಂತ ಗಟ್ಟಿ ವಸ್ತುವನ್ನು ಆರಿಸಿಕೊಂಡನು. ಇಂದಿನವರಿಗೆ ದೊರೆತಿರುವ ವಸ್ತುಗಳು ಕಲ್ಲಿನಷ್ಟು ಗಟ್ಟಿಯಲ್ಲ. ಆ ಕೊರತೆಯನ್ನು ತುಂಬಬೇಕಾದುದು ಮನುಷ್ಯರ ಎಚ್ಚರ. ಒಂದು ತಲೆಮಾರು ಮರೆತು ಕುಳಿತರೆ ಮುಂದಿನ ತಲೆಮಾರಿನ ಕೈಗೆ ಓದುವವರಿಲ್ಲದ ಓಲೆ ಮಾತ್ರ ಉಳಿಯುತ್ತದೆ.